ಒಂದು ಏಣಿ, ಇಬ್ಬರು ನೆರೆಯವರು: ಓದುಗನನ್ನು ತಟ್ಟುವ ಬರವಣಿಗೆಯ ತಂತ್ರಗಳು, ಹಂತ ಹಂತವಾಗಿ

ಸಾಹಿತ್ಯದ ತಂತ್ರಗಳು ಎಂದ ಕೂಡಲೇ ಪಟ್ಟಿ ಕೊಡುವುದು ಸುಲಭ: ಉಪಮೆ, ರೂಪಕ, ಸಂಕೇತ, ವ್ಯಂಗ್ಯ, ಹಿನ್ನೋಟ. ಈ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಕಥೆ ಬರೆದವರಲ್ಲಿ ಒಂದು ಕಾಲಕ್ಕೆ ನಾನೂ ಒಬ್ಬ. ಪುಟಕ್ಕೆ ನಾಲ್ಕು ಉಪಮೆ ಇರುತ್ತಿದ್ದವು, ಓದುವವರು ಎರಡನೆಯ ಪುಟಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಇಲ್ಲಿ ಪಟ್ಟಿ ಬೇಡ. ಒಂದು ಸಾಧಾರಣ ಪ್ಯಾರಾವನ್ನು ತೆಗೆದುಕೊಂಡು, ಅದು ಓದುಗನನ್ನು ತಟ್ಟುವವರೆಗೆ ತಿದ್ದುತ್ತಾ ಹೋಗೋಣ. ತಂತ್ರಗಳು ಬೇಕಾದಲ್ಲಿ ತಾವಾಗಿಯೇ ಬರುತ್ತವೆ.

ಪ್ಯಾರಾ ಇದು:

“ಗಂಗಾಧರನಿಗೆ ತುಂಬಾ ಪಶ್ಚಾತ್ತಾಪವಾಗಿತ್ತು. ಆರು ವರ್ಷಗಳ ಹಿಂದೆ ಅವನು ಪಕ್ಕದ ಮನೆಯ ನಿಂಗಣ್ಣನಿಂದ ಏಣಿಯನ್ನು ಎರವಲು ಪಡೆದಿದ್ದನು. ಅದರ ಒಂದು ಮೆಟ್ಟಿಲು ಮುರಿದುಹೋಯಿತು. ಅದೇ ಕಾರಣಕ್ಕೆ ಇಬ್ಬರಿಗೂ ದೊಡ್ಡ ಜಗಳವಾಗಿ ಮಾತು ನಿಂತುಹೋಗಿತ್ತು. ಈಗ ಅವನ ಮನಸ್ಸು ಭಾರವಾಗಿತ್ತು. ಕೊನೆಗೂ ಧೈರ್ಯ ಮಾಡಿ ಏಣಿಯನ್ನು ಹಿಂದಿರುಗಿಸಲು ಹೊರಟನು. ನಿಂಗಣ್ಣನು ಅವನನ್ನು ಕ್ಷಮಿಸಿದನು. ಇಬ್ಬರ ಕಣ್ಣುಗಳೂ ತುಂಬಿ ಬಂದವು.”

ವ್ಯಾಕರಣದಲ್ಲಿ ತಪ್ಪಿಲ್ಲ, ವಿಷಯವೂ ಒಳ್ಳೆಯದೇ. ಆದರೂ ಅವರಿಬ್ಬರ ಕಣ್ಣು ತುಂಬಿದಾಗ ನಮ್ಮ ಕಣ್ಣು ಒಣಗಿಯೇ ಇರುತ್ತದೆ. ಲೇಖಕನೇ ಎಲ್ಲ ಕೆಲಸವನ್ನೂ ಮುಗಿಸಿಬಿಟ್ಟಿದ್ದಾನೆ. ಪಶ್ಚಾತ್ತಾಪಪಟ್ಟದ್ದು, ಕ್ಷಮಿಸಿದ್ದು, ಅತ್ತದ್ದು ಎಲ್ಲವೂ ನಮಗೆ ಕೇವಲ ವರದಿಯಾಗಿ ಬಂದಿದೆ; ನಾವು ಊಹಿಸಲು, ಜೋಡಿಸಲು, ಕಾಯಲು ಏನನ್ನೂ ಉಳಿಸಿಲ್ಲ. ಮುಂದಿನ ಪ್ರತಿ ಹಂತದಲ್ಲೂ ನಾವು ಮಾಡುವುದು ಒಂದೇ ಕೆಲಸ: ಓದುಗನ ಪಾಲಿನ ದುಡಿಮೆಯನ್ನು ಅವನಿಗೇ ಹಿಂದಕ್ಕೆ ಕೊಡುವುದು.

ಹಂತ 1: ಕೊನೆಯ ಸಾಲಿನಲ್ಲಿ ಓದುಗ ಎಲ್ಲಿರಬೇಕು?

ತಿದ್ದಲು ಕುಳಿತುಕೊಳ್ಳುವ ಮೊದಲು ಬೇರೊಂದು ಚೀಟಿಯಲ್ಲಿ ಒಂದು ವಾಕ್ಯ ಬರೆದಿಟ್ಟುಕೊಳ್ಳಿ. “ಕ್ಷಮೆ ದೊಡ್ಡ ಗುಣ” ಎಂದು ಬರೆದರೆ ಅದು ಸಂದೇಶವಾಯಿತು, ಕಥೆಗೆ ಅದರಿಂದ ಉಪಯೋಗವಿಲ್ಲ. ಓದುಗನಲ್ಲಿ ಏನಾಗಬೇಕು ಎಂಬುದನ್ನು ಬರೆಯಬೇಕು. ನಮ್ಮ ಕಥೆಗೆ ನಾನು ಬರೆದುಕೊಂಡದ್ದು: “ಕ್ಷಮೆ ಎಂಬ ಮಾತೇ ಬಾರದೆ ಕ್ಷಮಿಸಿದ್ದು ಆಗಿಹೋಯಿತು ಎಂದು ಓದುಗನಿಗೆ, ಕಥೆಯೊಳಗಿನ ಇಬ್ಬರಿಗಿಂತ ಒಂದು ಕ್ಷಣ ಮೊದಲೇ ಗೊತ್ತಾಗಬೇಕು.”

ಈ ವಾಕ್ಯ ಸಿಗಲು ಕೆಲವೊಮ್ಮೆ ಕಥೆ ಬರೆಯುವುದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ. ಸಿಗದಿದ್ದರೆ ಮುಂದಿನ ಹಂತಗಳನ್ನು ಮಾಡಿ, ಮತ್ತೆ ಇಲ್ಲಿಗೆ ಬನ್ನಿ.

ಹಂತ 2: ಭಾವದ ಹೆಸರುಗಳಿಗೆ ಗೆರೆ ಎಳೆಯಿರಿ

ಕೆಂಪು ಪೆನ್ನು ತೆಗೆದುಕೊಂಡು ಪಶ್ಚಾತ್ತಾಪ, ಮನಸ್ಸು ಭಾರ, ಧೈರ್ಯ, ಕ್ಷಮಿಸಿದನು ಎಂಬಲ್ಲೆಲ್ಲ ಗೆರೆ ಎಳೆಯಿರಿ. ಎಂಟು ವಾಕ್ಯದ ಪ್ಯಾರಾದಲ್ಲಿ ಅರ್ಧ ಹೋಯಿತು.

ಹೇಳಬೇಡ, ತೋರಿಸು ಎಂಬ ಈ ಪಾಠ ಇತ್ತೀಚಿನ ಬರವಣಿಗೆ ಶಿಬಿರಗಳಲ್ಲಿ ಹುಟ್ಟಿದ್ದೆಂದು ಹಲವರು ತಿಳಿದಿದ್ದಾರೆ. ಆದರೆ 11ನೇ ಶತಮಾನದ ಕಾಶ್ಮೀರದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳನ್ನು ಎಣಿಸುವಾಗ ಮೊದಲು ಹೇಳುವುದೇ ಇದನ್ನು: ರಸವನ್ನೋ ಭಾವವನ್ನೋ ಅದರದೇ ಹೆಸರು ಹಿಡಿದು ಕರೆಯುವುದು ದೋಷ. ಶೃಂಗಾರ ಎಂದು ಬರೆದ ಮಾತ್ರಕ್ಕೆ ಶೃಂಗಾರ ಹುಟ್ಟುವುದಿಲ್ಲ. ಅದಕ್ಕೂ ಬಹಳ ಹಿಂದೆ ಭರತನ ‘ನಾಟ್ಯಶಾಸ್ತ್ರ’ ರಸ ಹುಟ್ಟುವ ಬಗೆಯನ್ನು ಸೂತ್ರವಾಗಿ ಹೇಳಿತ್ತು: ವಿಭಾವ, ಅನುಭಾವ, ವ್ಯಭಿಚಾರಿಭಾವ ಇವುಗಳ ಸಂಯೋಗದಿಂದ. ಪಂಡಿತರ ಮಾತಿನಂತೆ ಕೇಳಿಸಿದರೂ ಮೇಜಿನ ಮುಂದೆ ಕುಳಿತವನಿಗೆ ಇದು ನೇರ ಕೆಲಸದ ಸೂಚನೆ. ಭಾವಕ್ಕೆ ಕಾರಣವಾದ ವಸ್ತುವನ್ನೋ ಸನ್ನಿವೇಶವನ್ನೋ ಕಣ್ಣ ಮುಂದೆ ಇಡು (ವಿಭಾವ). ಆ ಭಾವ ಮೈಯಲ್ಲಿ, ನಡೆಯಲ್ಲಿ ಹೇಗೆ ಹೊರಬಿತ್ತು ತೋರಿಸು (ಅನುಭಾವ). ನಡುವೆ ಬಂದು ಹೋಗುವ ಸಣ್ಣ ಅಲೆಗಳನ್ನು, ಅಂದರೆ ಹಿಂಜರಿಕೆ, ಸಿಡುಕು, ನಾಚಿಕೆಗಳನ್ನು ಬಿಡಬೇಡ (ವ್ಯಭಿಚಾರಿ). ಹೊಸಬರು ಸಾಮಾನ್ಯವಾಗಿ ಮರೆಯುವುದು ಈ ಮೂರನೆಯದನ್ನು. ದುಃಖಿತ ಇಡೀ ಪುಟ ದುಃಖಿತನಾಗಿಯೇ ಇರುತ್ತಾನೆ. ನಿಜವಾದ ಮನುಷ್ಯ ದುಃಖದ ನಡುವೆಯೂ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕುತ್ತಾನೆ.

ಒಂದು ಎಚ್ಚರಿಕೆ. “ಕಣ್ಣು ತುಂಬಿ ಬಂತು”, “ಗಂಟಲು ಕಟ್ಟಿತು”, “ಎದೆ ಝಲ್ಲೆಂದಿತು” ಇವು ನೋಡಲು ಅನುಭಾವಗಳಂತಿದ್ದರೂ ಬಳಸಿ ಬಳಸಿ ಸವೆದು ಈಗ ಭಾವದ ಹೆಸರುಗಳೇ ಆಗಿಬಿಟ್ಟಿವೆ. ಅವಕ್ಕೂ ಗೆರೆ ಎಳೆಯಿರಿ. ಭಾವದ ಹೆಸರನ್ನು ಎಂದೂ ಬಳಸಬಾರದೆಂದು ನಾನು ಹೇಳುತ್ತಿಲ್ಲ. ಅವಸರದ ಕಥನದಲ್ಲಿ “ಅವಳಿಗೆ ಸಿಟ್ಟು ಬಂತು” ಎಂದು ಹೇಳಿ ಮುಂದೆ ಹೋಗುವುದೇ ಸರಿ. ಕಥೆಯ ನರ ಇರುವ ಕಡೆ ಮಾತ್ರ ಹೆಸರು ಹೇಳಬೇಡಿ.

ಹಂತ 3: ಒಂದೇ ಒಂದು ವಿವರ ಹುಡುಕಿ

ಪಶ್ಚಾತ್ತಾಪವನ್ನು ತೆಗೆದುಹಾಕಿದೆವು. ಅದರ ಜಾಗಕ್ಕೆ ಏನು? ಗಂಗಾಧರ ಮುರಿದ ಮೆಟ್ಟಿಲನ್ನು ತಾನೇ ಸರಿಮಾಡಿದ್ದಾನೆ ಎಂದುಕೊಳ್ಳೋಣ. ಅವನು ಬಡಗಿಯಲ್ಲ. ಹಾಗಾಗಿ ಮೆಟ್ಟಿಲು ಸರಿಯಾಗಿ ಕೂತರೂ ನೋಡಲು ಸ್ವಲ್ಪ ಬೇರೆಯಾಗಿದೆ. “ಎಷ್ಟು ಉಜ್ಜಿದರೂ ಉಳಿದವುಗಳಿಗಿಂತ ಒಂದೆಳೆ ದಪ್ಪವೇ.” ಈ ವಾಕ್ಯದಲ್ಲಿ ಪಶ್ಚಾತ್ತಾಪದ ಸುದ್ದಿಯೇ ಇಲ್ಲ, ಆದರೆ ಮರವನ್ನು ಮತ್ತೆ ಮತ್ತೆ ಉಜ್ಜುವ ಕೈ ಇದೆ.

ವಿವರ ಆರಿಸುವಾಗ ನಾನು ನೋಡುವುದು ಮುಖ್ಯವಾಗಿ ಒಂದನ್ನು: ಇದು ಬೇರೆ ಯಾವ ಕಥೆಗಾದರೂ ಹೊಂದುತ್ತದೆಯೇ? “ಹಳೆಯ ಏಣಿ” ಯಾವ ಕಥೆಗೂ ಹೊಂದುತ್ತದೆ. “ಮೂರನೆಯ ಮೆಟ್ಟಿಲು ದಪ್ಪಗಿರುವ ಏಣಿ” ಈ ಕಥೆಗೆ ಮಾತ್ರ. ವಿವರಕ್ಕೆ ವಿಶೇಷಣದ ಊರುಗೋಲು ಬೇಕೆನಿಸಿದರೆ, ಅಂದರೆ “ಕರುಣಾಜನಕ”, “ಮನಮಿಡಿಯುವ” ಎಂದು ಸೇರಿಸಬೇಕೆನಿಸಿದರೆ, ತಪ್ಪು ವಿವರ ಆರಿಸಿದ್ದೀರಿ.

ಕಾಲವನ್ನೂ ಹೀಗೆಯೇ ವಸ್ತುವಿನಲ್ಲಿ ಇಡಬಹುದು. “ಆರು ವರ್ಷಗಳ ಹಿಂದೆ” ಎಂಬುದು ಲೆಕ್ಕ. ಪಕ್ಕದ ಮನೆಯ ಗೇಟಿನ ಅಗುಳಿ ಬದಲಾಗಿದೆ, ಗಂಗಾಧರನಿಗೆ ಅದನ್ನು ಯಾವ ಕಡೆಗೆ ಎಳೆಯಬೇಕೆಂದು ತಿಳಿಯುವುದಿಲ್ಲ. ಒಂದು ಕಾಲಕ್ಕೆ ದಿನಕ್ಕೆ ನಾಲ್ಕು ಬಾರಿ ಆ ಗೇಟು ತೆರೆದವನಿಗೆ! ಎಷ್ಟು ವರ್ಷ ಎಂದು ಓದುಗ ಕೇಳುವುದೇ ಇಲ್ಲ. ಬಹಳ ಕಾಲವಾಗಿದೆ ಎಂದು ಕೈಗೇ ಗೊತ್ತಾಗುತ್ತದೆ.

ರಷ್ಯಾದ ವಿಮರ್ಶಕ ವಿಕ್ಟರ್ ಶ್ಕ್ಲೋವ್ಸ್ಕಿ 1917ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ರೂಢಿಯಿಂದ ನಮ್ಮ ಕಣ್ಣಿಗೆ ಕಾಣದಂತಾದ ವಸ್ತುವನ್ನು ಮತ್ತೆ ಕಾಣುವಂತೆ ಮಾಡುವುದೇ ಕಲೆಯ ಕೆಲಸ ಎಂದ. ಅದಕ್ಕಾಗಿ ವಿಚಿತ್ರವಾದುದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಏಣಿ ಹೊತ್ತವನು ನಿಜಕ್ಕೂ ಹೇಗಿರುತ್ತಾನೆ? ಎರಡು ಮೆಟ್ಟಿಲುಗಳ ನಡುವೆ ತಲೆ ತೂರಿಸಿಕೊಂಡಿರುತ್ತಾನೆ. ತಿರುಗಬೇಕಾದರೆ ಹಿಂದೆ ಮುಂದೆ ನೋಡಬೇಕು. ಓಡಿಹೋಗಲೂ ಆಗದ, ಸುಮ್ಮನೆ ನಿಲ್ಲಲೂ ಆಗದ ಸ್ಥಿತಿ ಅದು. ಅವನ ಮನಸ್ಸಿನ ಸ್ಥಿತಿಯೂ ಅದೇ, ನಾವು ಅದನ್ನು ಹೇಳಬೇಕಾಗಿಯೇ ಬರಲಿಲ್ಲ.

ಹಂತ 4: ಎಲ್ಲಿ ನಿಂತು ಹೇಳುತ್ತೀರಿ?

ದೃಷ್ಟಿಕೋನ ಎಂದರೆ “ನಾನು” ಎಂದು ಬರೆಯಬೇಕೋ “ಅವನು” ಎಂದು ಬರೆಯಬೇಕೋ ಎಂಬ ಪ್ರಶ್ನೆಯಷ್ಟೇ ಎಂದು ಭಾವಿಸುವವರು ಕನ್ನಡ ಕ್ರಿಯಾಪದದ ಬಾಲವನ್ನು ಸರಿಯಾಗಿ ನೋಡಿಲ್ಲ. ಬಂದನು, ಬಂದ, ಬಂದರು, ಬಂದನಂತೆ: ನಾಲ್ಕರಲ್ಲೂ ಬಂದದ್ದು ಒಬ್ಬನೇ. “ಬಂದನು” ಎನ್ನುವಾಗ ನಿರೂಪಕ ದೂರದಲ್ಲಿ, ಸ್ವಲ್ಪ ಎತ್ತರದಲ್ಲಿ ನಿಂತಿದ್ದಾನೆ. “ಬಂದ” ಎಂದಾಗ ಪಕ್ಕದಲ್ಲೇ ಇದ್ದಾನೆ. “ಬಂದರು” ಎಂದಾಗ ತುಸು ತಲೆ ಬಗ್ಗಿಸಿದ್ದಾನೆ. “ಬಂದನಂತೆ” ಎಂದರೆ ತಾನು ಕಂಡಿಲ್ಲ, ಹೊಣೆ ತನ್ನದಲ್ಲ ಎಂದು ಕೈ ತೊಳೆದುಕೊಂಡಿದ್ದಾನೆ. ಒಂದು ಕಥೆಯನ್ನು ಪೂರ್ತಿ “ಅಂತೆ”ಯಲ್ಲಿ ಹೇಳಿ ನೋಡಿ, ಊರ ಬಾಯಿಯೇ ಒಂದು ಪಾತ್ರವಾಗಿಬಿಡುತ್ತದೆ.

ನಮ್ಮ ಪ್ಯಾರಾದಲ್ಲಿ “ಪಡೆದಿದ್ದನು, ಹೊರಟನು, ಕ್ಷಮಿಸಿದನು” ಎಂದಿದೆ. ಮೊದಲು ಆ “ನು”ಗಳನ್ನು ಇಳಿಸೋಣ. ಆಮೇಲೆ ಇನ್ನೂ ಒಳಗೆ ಹೋಗೋಣ. “ನಿಂಗಣ್ಣ ಬಾಗಿಲು ತೆಗೆಯಲಿಕ್ಕಿಲ್ಲ ಎಂದು ಗಂಗಾಧರ ಯೋಚಿಸಿದ” ಎಂಬ ವಾಕ್ಯದಲ್ಲಿ “ಎಂದು ಗಂಗಾಧರ ಯೋಚಿಸಿದ” ಎನ್ನುವುದು ಬೇಲಿ. ಬೇಲಿ ಕಿತ್ತರೆ:

“ನಿಂಗಣ್ಣ ಬಾಗಿಲು ತೆಗೆಯಲಿಕ್ಕಿಲ್ಲ. ತೆಗೆದರೂ ಏನು ಹೇಳುವುದು? ಏಣಿ ತಂದೆ ಎನ್ನುವುದೇ? ಅದು ಕಾಣುತ್ತದಲ್ಲ.”

ಇಲ್ಲಿ ಮಾತನಾಡುತ್ತಿರುವವರು ಯಾರು? ನಿರೂಪಕನೂ ಹೌದು, ಗಂಗಾಧರನೂ ಹೌದು. ಓದುಗ ಯಾವ ಮುನ್ಸೂಚನೆಯೂ ಇಲ್ಲದೆ ಒಂದು ತಲೆಯೊಳಗೆ ಹೊಕ್ಕಿದ್ದಾನೆ. ಕಥನದಲ್ಲಿ ಸಹಾನುಭೂತಿ ಹುಟ್ಟಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಬಲವಾದ ಉಪಾಯ ನನಗೆ ಗೊತ್ತಿಲ್ಲ.

ಇನ್ನೂ ಹತ್ತಿರದಿಂದ ನೋಡೋಣ, ಒಂದೇ ಸ್ವರದ ಮಟ್ಟದಲ್ಲಿ:

“ಏಣಿಯನ್ನು ಕೊಟ್ಟ.”
“ಏಣಿಯನ್ನೂ ಕೊಟ್ಟ.”
“ಏಣಿಯನ್ನೇ ಕೊಟ್ಟ.”
“ಏಣಿಯನ್ನಾದರೂ ಕೊಟ್ಟ.”

ಮೊದಲನೆಯದು ಘಟನೆ. ಎರಡನೆಯದರಲ್ಲಿ ಅದಕ್ಕೂ ಮೊದಲು ಬೇರೇನೋ ಕೊಟ್ಟ ಇತಿಹಾಸವಿದೆ. ಮೂರನೆಯದರಲ್ಲಿ ಕೊಡಬಾರದ್ದನ್ನು ಕೊಟ್ಟ ಬೆರಗು ಅಥವಾ ಆಕ್ಷೇಪ. ನಾಲ್ಕನೆಯದರಲ್ಲಿ ಬರಬೇಕಾಗಿದ್ದ ಬಹಳಷ್ಟು ಬರಲೇ ಇಲ್ಲ ಎಂಬ ಕಹಿ. ಊ, ಏ, ಆದರೂ: ಇಷ್ಟು ಚಿಕ್ಕ ಪ್ರತ್ಯಯಗಳು ಹೇಳದೆ ಬಿಟ್ಟ ಒಂದೊಂದು ಕಥೆಯನ್ನು ಹೊತ್ತು ತರುತ್ತವೆ. ನಿಮ್ಮ ಕರಡಿನಲ್ಲಿ ಮುಖ್ಯವಾದ ಐದು ವಾಕ್ಯ ಆರಿಸಿ, ಒಂದೊಂದಕ್ಕೂ ಈ ನಾಲ್ಕು ರೂಪ ಬರೆದು ನೋಡಿ. ಅರ್ಧ ಗಂಟೆಯ ಅಭ್ಯಾಸ, ಆದರೆ ಎಷ್ಟೋ ಕಡೆ ಎರಡು ಸಾಲಿನ ವಿವರಣೆಯನ್ನು ಕಿತ್ತುಹಾಕಬಹುದು ಎಂದು ಆಗ ಗೊತ್ತಾಗುತ್ತದೆ.

ಹಂತ 5: ಯಾವುದನ್ನು ಯಾವಾಗ ತಿಳಿಸುತ್ತೀರಿ?

ಓದುಗನನ್ನು ಮುಂದಕ್ಕೆ ಎಳೆಯುವ ಹಸಿವುಗಳು ಮೂರು. “ಮುಂದೇನಾಗುತ್ತದೆ?” ಎಂಬ ಆತಂಕ. “ಹಿಂದೆ ಏನಾಗಿತ್ತು?” ಎಂಬ ಕುತೂಹಲ. “ಅರೆ, ಹೀಗೋ!” ಎಂಬ ಬೆರಗು. ಮೂಲ ಪ್ಯಾರಾ ಎರಡನೆಯ ವಾಕ್ಯದಿಂದಲೇ ಜಗಳದ ಕಥೆಯನ್ನು ಬಿಚ್ಚಿಟ್ಟು ಕುತೂಹಲವನ್ನು ಕೊಂದಿತು, ಕೊನೆಯಲ್ಲಿ “ಕ್ಷಮಿಸಿದನು” ಎಂದು ಆತಂಕಕ್ಕೆ ಕಾಲಾವಕಾಶವನ್ನೇ ಕೊಡಲಿಲ್ಲ. ಬೆರಗಿನ ಮಾತಂತೂ ದೂರ.

ಹಾಗಾದರೆ ತಿರುಗಿಸೋಣ. ಮೊದಲು ಮೆಟ್ಟಿಲು ಉಜ್ಜುವ ಮನುಷ್ಯ. ಯಾಕೆ ಉಜ್ಜುತ್ತಿದ್ದಾನೆ, ಗೊತ್ತಿಲ್ಲ. ಆಮೇಲೆ ಗೇಟಿನ ಬಳಿ ಹಿಂಜರಿಕೆ. ಆಮೇಲೆ ಮಾತ್ರ ಹಳೆಯ ಜಗಳದ ಒಂದೇ ಒಂದು ಮಾತು. ಏಣಿ ಮುರಿಯಿತು ಎಂದು ಎಲ್ಲೂ ಹೇಳುವುದಿಲ್ಲ. ಹೊಸ ಮೆಟ್ಟಿಲು ಮತ್ತು ಆ ಬೈಗುಳ, ಎರಡನ್ನೂ ಓದುಗನೇ ಕೂಡಿಸಿಕೊಳ್ಳಲಿ. ಎಷ್ಟು ಮುಚ್ಚಿಡಬೇಕು ಎಂಬುದಕ್ಕೆ ನನ್ನದೊಂದು ಅಂದಾಜಿದೆ: ಪಾತ್ರಕ್ಕೆ ಗೊತ್ತಿದ್ದು ಸಹಜವಾಗಿ ಆಗ ಅದರ ತಲೆಯಲ್ಲಿ ಓಡುವಂಥದ್ದನ್ನು ಮುಚ್ಚಿಟ್ಟರೆ ಅದು ಮೋಸ. ಪಾತ್ರ ತಾನೇ ನೆನೆಯಲು ಹಿಂಜರಿಯುವುದನ್ನು ಮುಚ್ಚಿಟ್ಟರೆ ನ್ಯಾಯ. ಕೊನೆಯ ಸಾಲಿನ ತಿರುವಿಗಾಗಿ ಎಲ್ಲರಿಗೂ ಗೊತ್ತಿರುವುದನ್ನು ಬಚ್ಚಿಡುವ ಕಥೆಗಳು ಮೊದಲ ಓದಿಗೆ ಚಪ್ಪಾಳೆ ಗಿಟ್ಟಿಸುತ್ತವೆ, ಎರಡನೆಯ ಓದು ಅವಕ್ಕೆ ಇರುವುದಿಲ್ಲ.

ಇದೇ ಕಟ್ಟನ್ನು ವಾಕ್ಯದೊಳಗೂ ಕಾಣಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಂದರೆ ವಾಕ್ಯದ ತೀರ್ಪು ಕೊನೆಯ ಪದದವರೆಗೂ ತಿಳಿಯುವುದಿಲ್ಲ. ಈ ಭಾಷೆಯಲ್ಲಿ ಬರೆಯುವವನಿಗೆ ಸಸ್ಪೆನ್ಸ್ ಪುಕ್ಕಟೆಯಾಗಿ ಸಿಕ್ಕಿದೆ:

“ಎರಡು ಮೆಟ್ಟಿಲುಗಳ ನಡುವೆ ತಲೆ ತೂರಿಸಿ, ಏಣಿಯನ್ನು ಹೆಗಲಿಗೇರಿಸಿ, ಪಕ್ಕದ ಗೇಟಿನವರೆಗೆ ನಡೆದು, ಅಗುಳಿಗೆ ಕೈ ಹಾಕಿ, ಹಿಂದಕ್ಕೆ ಬಂದ.”

ತೂರಿಸಿ, ಏರಿಸಿ, ನಡೆದು, ಹಾಕಿ ಎಂದು ಕೃದಂತಗಳು ಒಂದರ ಹಿಂದೊಂದು ನಮ್ಮನ್ನು ಗೇಟಿನೊಳಕ್ಕೆ ನೂಕುತ್ತಿರುತ್ತವೆ, ಕೊನೆಯ ಎರಡು ಪದ ಎಲ್ಲವನ್ನೂ ರದ್ದು ಮಾಡುತ್ತವೆ. ಇದನ್ನೇ “ಅವನು ಹಿಂದಕ್ಕೆ ಬಂದ, ಏಕೆಂದರೆ ಅವನಿಗೆ ಧೈರ್ಯ ಸಾಲಲಿಲ್ಲ” ಎಂದು ಬರೆದರೆ ತೀರ್ಪು ಮೊದಲು, ವಿಚಾರಣೆ ಆಮೇಲೆ. ಎಲ್ಲ ವಾಕ್ಯಗಳನ್ನೂ ಹೀಗೆ ಉದ್ದ ಎಳೆಯಬೇಡಿ. ತಿರುವು ಇರುವ ಒಂದು ಕಡೆ ಸಾಕು. ಉದ್ದ ವಾಕ್ಯದ ಬೆನ್ನಿಗೇ ಎರಡೋ ಮೂರೋ ಪದದ ವಾಕ್ಯ ಬಂದರೆ ಓದುಗನ ಉಸಿರು ಅಲ್ಲಿ ತಾನಾಗಿಯೇ ನಿಲ್ಲುತ್ತದೆ.

ಹಂತ 6: ಮಾತಿನಲ್ಲಿ ವಿಷಯ ಬಿಟ್ಟು ಉಳಿದದ್ದೆಲ್ಲ ಇರಲಿ

ಮೂಲ ಪ್ಯಾರಾದಲ್ಲಿ ಸಂಭಾಷಣೆಯೇ ಇಲ್ಲ. ಸೇರಿಸಿ ಎಂದರೆ ಹೆಚ್ಚಿನವರು ಹೀಗೆ ಸೇರಿಸುತ್ತಾರೆ:

“ನಿಂಗಣ್ಣ, ಅಂದು ನಾನು ತಪ್ಪು ಮಾಡಿದೆ. ನಿನ್ನ ಮನಸ್ಸು ನೋಯಿಸಿದೆ. ನನ್ನನ್ನು ಕ್ಷಮಿಸು.”
“ಆದದ್ದು ಆಗಿಹೋಯಿತು ಬಿಡು. ನಾನು ಎಂದೋ ಮರೆತಿದ್ದೇನೆ.”

ಇಬ್ಬರೂ ತಮ್ಮ ಮನಸ್ಸನ್ನು ವಕೀಲರ ಹಾಗೆ ಮಂಡಿಸುತ್ತಿದ್ದಾರೆ. ವರ್ಷಗಟ್ಟಲೆ ಮಾತು ಬಿಟ್ಟವರು ಮೊದಲ ಬಾರಿ ಎದುರಾದಾಗ ವಿಷಯವನ್ನು ಬಿಟ್ಟು ಬೇರೆ ಎಲ್ಲದರ ಬಗ್ಗೆಯೂ ಮಾತನಾಡುತ್ತಾರೆ.

ಮಾತಿಗೆ ನೇರ ಅರ್ಥದಾಚೆ ಇನ್ನೊಂದು ಅರ್ಥ ಹೊಳೆಯುವುದನ್ನು 9ನೇ ಶತಮಾನದ ಆನಂದವರ್ಧನ ‘ಧ್ವನಿ’ ಎಂದು ಕರೆದು, ಕಾವ್ಯದ ಆತ್ಮವೇ ಅದು ಎಂದು ವಾದಿಸಿದ. ಗಂಟೆ ಬಾರಿಸಿದ ಮೇಲೂ ಉಳಿಯುವ ಅನುರಣನದ ಹೋಲಿಕೆ ಆ ವಾದದಲ್ಲೇ ಬರುತ್ತದೆ. ಅಲಂಕಾರಶಾಸ್ತ್ರದಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆಯುಂಟು: “ಸೂರ್ಯ ಮುಳುಗಿದ.” ದನ ಕಾಯುವವನಿಗೆ ಇದು ದನಗಳನ್ನು ಮನೆಯ ಕಡೆ ಹೊಡೆಯುವ ಹೊತ್ತು. ನಲ್ಲನ ಬಳಿಗೆ ಹೊರಡಬೇಕಾದವಳಿಗೆ ಅದೇ ಅವಕಾಶ. ದಿನವಿಡೀ ದುಡಿದವನಿಗೆ ಕೆಲಸ ನಿಲ್ಲಿಸುವ ಅಪ್ಪಣೆ. ಪದಗಳು ಅವೇ, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಅರ್ಥವನ್ನು ಬದಲಿಸಿತು. ಸಂಭಾಷಣೆ ಬರೆಯುವವನಿಗೆ ಇದರಿಂದ ಸಿಗುವ ಪಾಠ ಸರಳ. ಸನ್ನಿವೇಶ ಗಟ್ಟಿಯಾಗಿದ್ದರೆ ಮಾತು ಎಷ್ಟು ಸಪ್ಪೆಯಾದರೂ ಅದರಲ್ಲಿ ಅರ್ಥ ತುಂಬುತ್ತದೆ. ಸನ್ನಿವೇಶ ಸಡಿಲವಾದಾಗಲೇ ಮಾತು ಭಾರವಾಗುತ್ತದೆ.

ಈಗ ನಿಂಗಣ್ಣ ಏನು ಹೇಳಬೇಕು? ನಾನು ಐದಾರು ಮಾತು ಬರೆದು ಹೊಡೆದುಹಾಕಿದೆ. ಉಳಿದದ್ದು: “ದಪ್ಪವಾಯಿತು.” ಅದೊಂದು ಆಕ್ಷೇಪಣೆ. ಆದರೆ ಇಷ್ಟು ಕಾಲದ ಮೇಲೆ ಬಂದ ಮೊದಲ ಮಾತು. ಬೇಡದವನ ಕೆಲಸದಲ್ಲಿ ಯಾರೂ ಕುಂದು ಹುಡುಕುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾರೆ.

ಹಳೆಯ ಜಗಳದ ಮಾತಿಗೆ ಕನ್ನಡದ್ದೇ ಒಂದು ಸಾಧನ ಬಳಸಿದೆ: ಪ್ರತಿಧ್ವನಿ ಪದ. “ಏಣಿ ಗೀಣಿ ಕೇಳಿಕೊಂಡು ಇನ್ನು ಈ ಕಡೆ ಬರಬೇಡ.” ಆ “ಗೀಣಿ”ಗೆ ಅರ್ಥವಿಲ್ಲ, ತಿರಸ್ಕಾರ ಮಾತ್ರ ಇದೆ. ಅದನ್ನು ತೆಗೆದು “ಏಣಿ ಕೇಳಿಕೊಂಡು ಬರಬೇಡ” ಎಂದು ಓದಿ ನೋಡಿ. ಜಗಳ ಅರ್ಧಕ್ಕರ್ಧ ತಣ್ಣಗಾಗುತ್ತದೆ.

ಹಂತ 7: ಉಪಮೆಗೆ ಕೈ ಹಾಕುವ ಮುನ್ನ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಈ ದೃಶ್ಯದಲ್ಲಿ ಕೊನೆಗೆ ಒಂದು ಉಪಮೆಯೂ ಉಳಿಯಲಿಲ್ಲ. ಶಾಲೆಯಲ್ಲಿ ಕಲಿತ ನಾಲ್ಕು ಅಂಗಗಳು ನೆನಪಿರಬಹುದು: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಪರೀಕ್ಷೆಗೆ ನಾಲ್ಕೂ ಬೇಕು. ಕಥೆಯಲ್ಲಿ ನಾಲ್ಕನೆಯದನ್ನು ಬಿಟ್ಟಷ್ಟೂ ಲಾಭ. “ಅವನ ಮೌನ ಬಾವಿಯಂತೆ ಆಳವಾಗಿತ್ತು” ಎಂದರೆ ಲೇಖಕ ಆಳ ಎಂದು ಹೇಳಿ ಮುಗಿಸಿದ. “ಅವನ ಮೌನ ಬಾವಿಯಂತಿತ್ತು” ಎಂದರೆ ಆಳವೋ, ಕತ್ತಲೋ, ನೀರೋ, ಬೀಳುವ ಭಯವೋ ಎಂದು ಓದುಗ ಬಗ್ಗಿ ನೋಡುತ್ತಾನೆ. ಇನ್ನೊಂದು ವಿಷಯ: ಉಪಮಾನ ಪಾತ್ರದ ಬದುಕಿನಿಂದ ಬರಬೇಕು. ಕಡಲನ್ನೇ ಕಾಣದ ಪಾತ್ರದ ತಲೆಯೊಳಗೆ ಅಲೆಗಳು ಅಪ್ಪಳಿಸಿದರೆ ಅದು ಲೇಖಕನ ಕಡಲು.

ನಮ್ಮ ದೃಶ್ಯದಲ್ಲಿ ಏಣಿಯೇ ಬೇಕಾದಷ್ಟು ಕೆಲಸ ಮಾಡುತ್ತಿದೆ. ಅದರ ಮೇಲೆ ಹೋಲಿಕೆ ಹೇರಿದರೆ ಬೀಳುತ್ತದೆ. ಮಮ್ಮಟನ ಕಾಲದವನೇ ಆದ ಕ್ಷೇಮೇಂದ್ರ ಔಚಿತ್ಯದ ಬಗ್ಗೆ ಬರೆಯುವಾಗ ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಯಾರು ತಾನೇ ನಗುವುದಿಲ್ಲ ಎಂದು ಕೇಳುತ್ತಾನೆ. ಆಭರಣ ಎರಡೂ ಚಿನ್ನದ್ದೇ.

ಹಂತ 8: ಕಿವಿಗೆ ಕೊಡಿ

ಕರಡನ್ನು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ, ಉಸಿರು ಸಾಲದ ಕಡೆ, ನಿಮಗೇ ಮುಜುಗರವಾದ ಕಡೆ ಗುರುತು ಹಾಕಿ. ಮೂರನೆಯ ಗುರುತು ಅತಿ ಮುಖ್ಯ.

ಪದಗಳ ಕುಲವನ್ನೂ ಕಿವಿ ಹಿಡಿಯುತ್ತದೆ. ಕನ್ನಡಕ್ಕೆ ಎರಡು ಕಣಜಗಳಿವೆ: ಒಂದು ಅಚ್ಚಗನ್ನಡದ್ದು, ಇನ್ನೊಂದು ಸಂಸ್ಕೃತದಿಂದ ಬಂದದ್ದು. ಸತ್ತ, ಹೋದ, ತೀರಿಕೊಂಡ, ಮೃತಪಟ್ಟ, ನಿಧನರಾದರು: ಒಂದೇ ಸಾವು ಒಂದೊಂದು ಪದದಲ್ಲಿ ಒಂದೊಂದು ದೂರದಲ್ಲಿ ನಡೆಯುತ್ತದೆ. “ಹೋದ” ಮನೆಯೊಳಗೆ, “ನಿಧನರಾದರು” ಪತ್ರಿಕೆಯಲ್ಲಿ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಆಗಲೇ ಈ ಬಗ್ಗೆ ಎಚ್ಚರಿಸಿತ್ತು. ಸಂಸ್ಕೃತವನ್ನೂ ಕನ್ನಡವನ್ನೂ ಹದವರಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂಬುದು ಅದರ ಮಾತು. ಅದು ಸಮಾಸದ ಬಗ್ಗೆ ಹೇಳಿದ್ದು, ನಾನು ಅದನ್ನು ಇಡೀ ಪ್ಯಾರಾಕ್ಕೆ ಹಿಗ್ಗಿಸಿಕೊಳ್ಳುತ್ತೇನೆ. ನಮ್ಮ ಮೊದಲ ಪ್ಯಾರಾದಲ್ಲಿ ಪಶ್ಚಾತ್ತಾಪ, ಕಾರಣ, ಕ್ಷಮೆ ಎಂಬ ತೂಕದ ಪದಗಳ ನಡುವೆ ಪಾಪದ ಏಣಿ ಸಿಕ್ಕಿಹಾಕಿಕೊಂಡಿತ್ತು. ಮುಂದಿನ ಹಂತದಲ್ಲಿ ಕೊಡುವ ತಿದ್ದಿದ ದೃಶ್ಯದಲ್ಲಿ ಗೋಡೆ, ಅಗುಳಿ, ಹೆಗಲು, ಹೆಬ್ಬೆರಳು, ಹಿಡಿತ ಎಂಬ ಪದಗಳೇ ಉಳಿದಿವೆ. ಕೈಯಿಂದ ಕೆಲಸ ಮಾಡುವವರ ಕಥೆಗೆ ಇವು ಹೊಂದುತ್ತವೆ. ನ್ಯಾಯಾಲಯದಲ್ಲಿ ನಡೆಯುವ ಕಥೆಗೆ ಈ ಮಾತು ಅನ್ವಯಿಸುವುದಿಲ್ಲ.

ಹಂತ 9: ವಸ್ತು ಮರಳಿ ಬರಲಿ, ಬೇರೆಯಾಗಿ ಬರಲಿ

ಮೊದಲ ಸಾಲಿನಲ್ಲಿ ಬಂದ ಮೂರನೆಯ ಮೆಟ್ಟಿಲು ಅಲ್ಲಿಗೇ ಮುಗಿದರೆ ಅದು ಅಲಂಕಾರ. ಎರಡನೆಯ ಬಾರಿ ನಿಂಗಣ್ಣನ ಹೆಬ್ಬೆರಳಿನ ಕೆಳಗೆ ಬರಬೇಕು, ಆಗ ಅದು ಪರೀಕ್ಷೆ. ಮೂರನೆಯ ಬಾರಿ ಗಂಗಾಧರನ ಕಾಲಿನ ಕೆಳಗೆ ಬರಬೇಕು, ಆಗ ಅದು ಇನ್ನೇನೋ. ಆ “ಇನ್ನೇನೋ”ಗೆ ನಾವು ಹೆಸರಿಡುವುದಿಲ್ಲ. ಅದಕ್ಕೊಂದು ಸಂದರ್ಭ ಬೇಕಿತ್ತು: ಏಣಿಯನ್ನು ಯಾರಾದರೂ ಹತ್ತಬೇಕು. ಹಾಗಾಗಿ ಜಗುಲಿಯ ಬಲ್ಬು ಹೋಗಿದೆ. ಹೊಸ ಬಲ್ಬಿನ ಡಬ್ಬಿಯ ಮೇಲೆ ಧೂಳು ಕೂತಿದೆ. ಬಲ್ಬು ತಂದಿಟ್ಟು ಬಹಳ ದಿನವಾಗಿದೆ, ಹಾಕಿಲ್ಲ. ಹತ್ತಲು ಏಣಿ ಇರಲಿಲ್ಲವೋ, ಬೇರೆಯವರ ಏಣಿ ತರಲು ಮನಸ್ಸಿರಲಿಲ್ಲವೋ, ಓದುಗನಿಗೆ ಬಿಟ್ಟದ್ದು.

ಎಲ್ಲ ಹಂತಗಳನ್ನೂ ದಾಟಿದ ಮೇಲೆ ದೃಶ್ಯ ಹೀಗಾಯಿತು:

“ಏಣಿ ಬೆಳಗಿನಿಂದ ಗೋಡೆಗೆ ಒರಗಿ ನಿಂತಿತ್ತು. ಗಂಗಾಧರ ಅದರ ಮೂರನೆಯ ಮೆಟ್ಟಿಲನ್ನು ಇನ್ನೊಮ್ಮೆ ಉಜ್ಜಿದ. ಎಷ್ಟು ಉಜ್ಜಿದರೂ ಉಳಿದವುಗಳಿಗಿಂತ ಒಂದೆಳೆ ದಪ್ಪವೇ.

ಎರಡು ಮೆಟ್ಟಿಲುಗಳ ನಡುವೆ ತಲೆ ತೂರಿಸಿ, ಏಣಿಯನ್ನು ಹೆಗಲಿಗೇರಿಸಿ, ಪಕ್ಕದ ಗೇಟಿನವರೆಗೆ ನಡೆದು, ಅಗುಳಿಗೆ ಕೈ ಹಾಕಿ, ಹಿಂದಕ್ಕೆ ಬಂದ. ಅಗುಳಿ ಹೊಸದು. ಯಾವ ಕಡೆಗೆ ಎಳೆಯಬೇಕೋ.

ನಿಂಗಣ್ಣ ಬಾಗಿಲು ತೆಗೆಯಲಿಕ್ಕಿಲ್ಲ. ತೆಗೆದರೂ ಏನು ಹೇಳುವುದು? ಏಣಿ ತಂದೆ ಎನ್ನುವುದೇ? ಅದು ಕಾಣುತ್ತದಲ್ಲ. ‘ಏಣಿ ಗೀಣಿ ಕೇಳಿಕೊಂಡು ಇನ್ನು ಈ ಕಡೆ ಬರಬೇಡ’ ಎಂದಿದ್ದ. ಕೇಳಿಕೊಂಡು ಬರಬೇಡ ಎಂದದ್ದು. ಕೊಡುವುದಕ್ಕೆ ಬರಬೇಡ ಎಂದಿರಲಿಲ್ಲ.

ಬಾಗಿಲು ತೆರೆಯಿತು. ನಿಂಗಣ್ಣ ಅವನ ಮುಖ ನೋಡಲಿಲ್ಲ. ಏಣಿಯನ್ನು ಕೆಳಗಿನಿಂದ ನೋಡುತ್ತಾ ಬಂದ. ಮೂರನೆಯದರ ಮೇಲೆ ಹೆಬ್ಬೆರಳು ಒತ್ತಿದ.

‘ದಪ್ಪವಾಯಿತು.’

‘ಹೌದು ನಿಂಗಣ್ಣ.’

‘ಜಗುಲಿಯ ಬಲ್ಬು ಹೋಗಿದೆ.’

ಒಳಗಿನಿಂದ ತಂದ ಡಬ್ಬಿಯ ಮೇಲೆ ಧೂಳಿತ್ತು. ನಿಂಗಣ್ಣ ಅದನ್ನು ಪಂಚೆಗೆ ಒರೆಸಿ ಗಂಗಾಧರನ ಕೈಗೆ ಕೊಟ್ಟ, ಎರಡೂ ಕೈಗಳಿಂದ ಏಣಿ ಹಿಡಿದ. ಗಂಗಾಧರ ಹತ್ತಿದ. ಒಂದು. ಎರಡು. ಮೂರನೆಯದರ ಮೇಲೆ ಕಾಲಿಡುತ್ತಿದ್ದಂತೆ ಕೆಳಗೆ ಹಿಡಿತ ಬಿಗಿಯಾಯಿತು.”

ಬಲ್ಬು ಹತ್ತಿತು, ಜಗುಲಿ ಬೆಳಗಿತು ಎಂಬ ಇನ್ನೊಂದು ಸಾಲು ನನ್ನ ಕರಡಿನಲ್ಲಿತ್ತು. ಬೆಳಕು ಬಂತು ಎಂದರೆ ಸಂಬಂಧ ಬೆಳಗಿತು ಎಂದು ಓದುಗನ ಕೈಹಿಡಿದು ತೋರಿಸಿದಂತಾಗುತ್ತಿತ್ತು. ಆ ಸಾಲು ನನಗೆ ಬಹಳ ಇಷ್ಟವಿತ್ತು, ಅದಕ್ಕೇ ಎರಡು ದಿನ ಉಳಿದುಕೊಂಡಿತ್ತು. ಹೊಡೆದುಹಾಕಿದೆ.

ಹಂತ 10: ಒಬ್ಬ ಓದುಗನ ಕೈಗೆ ಕೊಡಿ, ಸರಿಯಾದ ಪ್ರಶ್ನೆ ಕೇಳಿ

“ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ. ಎರಡಕ್ಕೂ ಬೆಲೆಯಿಲ್ಲ. ಪುಟವನ್ನು ಹಿಂದಕ್ಕೆ ಪಡೆದು, ಹೀಗೆ ಕೇಳಿ: “ಇವರಿಬ್ಬರ ನಡುವೆ ಹಿಂದೆ ಏನಾಗಿತ್ತು ಎಂದು ನಿನ್ನ ಮಾತಿನಲ್ಲಿ ಹೇಳು.” ನೀವು ಬರೆಯದೆ ಬಿಟ್ಟ ಜಗಳವನ್ನು ಓದುಗ ತಾನೇ ವಿವರಿಸಿದರೆ, ಅದರಲ್ಲೂ ನೀವು ಊಹಿಸಿರದ ಒಂದು ವಿವರವನ್ನು ಸೇರಿಸಿ ಹೇಳಿದರೆ, ತಂತ್ರ ಫಲಿಸಿದೆ. ಏನಾಗಿತ್ತೋ ತಿಳಿಯಲಿಲ್ಲ ಎಂದರೆ ನೀವು ಹೆಚ್ಚು ಮುಚ್ಚಿಟ್ಟಿದ್ದೀರಿ, ಒಂದು ಸುಳಿವು ಸೇರಿಸಿ. ನಿಮ್ಮ ವಾಕ್ಯಗಳನ್ನೇ ಒಪ್ಪಿಸಿದರೆ ಇನ್ನೂ ಎಲ್ಲೋ ಹೆಚ್ಚು ಹೇಳಿದ್ದೀರಿ, ಎರಡನೆಯ ಹಂತಕ್ಕೆ ಹಿಂದಿರುಗಿ.

ಈ ದೃಶ್ಯವನ್ನು ಓದಿದ ಗೆಳೆಯನೊಬ್ಬನಿಗೆ ಇದೇ ಪ್ರಶ್ನೆ ಕೇಳಿದೆ. ಜಗಳದ ಬಗ್ಗೆ ಅವನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ಅವನೇ ಕೇಳಿದ: “ಅವತ್ತು ಮೆಟ್ಟಿಲು ಮುರಿದಾಗ ಕೆಳಗೆ ಏಣಿ ಹಿಡಿದುಕೊಂಡವರು ಯಾರೂ ಇರಲಿಲ್ಲ, ಅಲ್ಲವೇ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.